ಪಂಕಾ ಪೇಟೆಂಟು

ರಾತ್ರಿ ಕರೆಂಟ್ ಹೋಯ್ತು. ಕ್ಯಾಲೆಂಡರ್ ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಕೂತಾಗ ನೆನಪಾಯ್ತು, ಭಾರತದ ಮೊದಲ ಪೇಟೆಂಟೇ ಗಾಳಿಯದು! 1856ರಲ್ಲಿ ಕಲ್ಕತ್ತಾದ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಪಂಕಾ, ಅಂದ್ರೆ ಛಾವಣಿಗೆ ತೂಗುಹಾಕಿ ಹಗ್ಗದಿಂದ ಆಡಿಸುವ ದೊಡ್ಡ ಬೀಸಣಿಗೆ, ಎಳೆಯುವ ಯಂತ್ರಕ್ಕೆ ಪಡೆದದ್ದು. ಆ ವರ್ಷದ ಹೊಸ ಕಾಯ್ದೆ ಕೊಡುತ್ತಿದ್ದದ್ದು 14 ವರ್ಷದ ಹಕ್ಕು. ತಮಾಷೆ ಅಂದ್ರೆ, ಬ್ರಿಟಿಷ್ ರಾಣಿಯ ಒಪ್ಪಿಗೆ ಮೊದಲೇ ಪಡೆದಿರಲಿಲ್ಲ ಅಂತ ಮರುವರ್ಷವೇ ಆ ಕಾಯ್ದೆ ರದ್ದು. 1859ರಲ್ಲಿ ಮತ್ತೆ ಬಂತು. ಕಾಗದಪತ್ರದ ಕಥೆ ಆಗಲೂ ಹೀಗೇ ಅಲ್ವಾ!

ನನಗೆ ಕಾಡಿದ್ದು ಮಾತ್ರ ಪಂಕಾ ಎಳೆಯುತ್ತಿದ್ದ ಆಳು. ಹೊರಗೆ ಜಗಲಿಯಲ್ಲಿ ಕೂತು, ಕೈ ಸೋತರೆ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಎಳೆಯುತ್ತಿದ್ದವನು. ಒಳಗೆ ಸಾಹೇಬರಿಗೆ ತಂಪು, ಇವನಿಗೆ ಬೆವರು. ಯಂತ್ರದ ಸುದ್ದಿ ಕೇಳಿದ್ದರೆ ಖುಷಿಪಡುತ್ತಿದ್ದನೋ, ಕೆಲಸ ಹೋಯ್ತು ಅಂತ ದಿಗಿಲಾಗುತ್ತಿದ್ದನೋ. ಅಷ್ಟರಲ್ಲಿ ಕರೆಂಟ್ ಬಂತು.