ಮಧ್ಯಮ ನುಂಗುತ್ತಿದ್ದ ಕಂಪ್ರೆಸರ್

ಕಂಪ್ರೆಸರ್ (ಜೋರು ದನಿಯನ್ನು ಅದುಮಿ ಏರಿಳಿತ ಕಡಿಮೆ ಮಾಡುವ ಸಾಧನ) ಕಡೆಗೂ ಲ್ಯಾಪ್‌ಟಾಪ್ ಒಳಗೆ ಸಾಫ್ಟ್‌ವೇರ್ ಆಗಿ ಸರಿಯಾಗಿ ಕೂತಿತು. ಇಲ್ಲಿಗೆ ನಮ್ಮ ಧಾರವಾಡದ ಸಂಗೀತ ಬೈಠಕ್ ರ್‍ಯಾಕ್‌ನ ಎಫೆಕ್ಟ್ ಡಬ್ಬಿಗಳೆಲ್ಲ ಕೆಲಸದಿಂದ ಇಳಿದವು. ರಿವರ್ಬ್ (ಕೋಣೆಯ ಅನುರಣನ), ಡಿಲೇ (ಪ್ರತಿಧ್ವನಿ), ಇಕ್ಯೂ (ದನಿಯ ಹದ) ಬಗ್ಗೆ ಜಾಸ್ತಿ ಬರೆಯೋದಿಲ್ಲ. ಡ್ರೈವರ್ ಹಾಕೋದು, ವೈಫೈ ಆಫ್ ಮಾಡೋದು, ಚಾರ್ಜರಿನ ಗುಂಯ್ ಸದ್ದಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೊಡೋದು, ಇವೆಲ್ಲ ನೀವೂ ಮಾಡಿದ್ದೇ. ಕಂಪ್ರೆಸರ್ ಮಾತ್ರ ನನ್ನ ತಲೆ ತಿಂದುಬಿಟ್ಟಿತು.

ಡಬ್ಬಿಗಳನ್ನು ಬಿಡೋಕೆ ಮೂಲ ಕಾರಣ ಅಡಾಪ್ಟರ್. ಹಳೇ ರಿವರ್ಬ್ ಡಬ್ಬಿಗೆ 9 ವೋಲ್ಟ್ ಎಸಿ ಬೇಕು. ಹುಬ್ಬಳ್ಳಿಯಲ್ಲಿ ಯಾವ ಅಂಗಡಿಗೆ ಹೋದರೂ 9 ವೋಲ್ಟ್ ಡಿಸಿ ತಂದಿಡುತ್ತಾರೆ. "ಎರಡೂ ಒಂದ ರೀ, ಪಿನ್ ಕೂಡ್ತೈತಲ್ಲ" ಅಂತಾರೆ. ಪಿನ್ ಕೂಡುತ್ತದೆ, ಡಬ್ಬಿ ಏಳೋದಿಲ್ಲ.

ಈಗ ಕಂಪ್ರೆಸರ್ ಕಥೆ. ನಾವು ಅದನ್ನು ಪ್ಯಾರಲಲ್ ಆಗಿ ಬಳಸುತ್ತೇವೆ. ಹಾಡುವವರ ದನಿ ಮಿಕ್ಸರ್‌ನ ಚಾನೆಲ್‌ನಿಂದ ನೇರ ಸ್ಪೀಕರ್‌ಗೆ ಹೋಗುತ್ತದೆ. ಅದೇ ದನಿ ಆಕ್ಸ್‌ನಿಂದ (ಮಿಕ್ಸರ್‌ನ ಹೆಚ್ಚುವರಿ ಔಟ್‌ಪುಟ್) ಕಂಪ್ರೆಸರ್‌ಗೂ ಹೋಗಿ, ಚೆನ್ನಾಗಿ ಅದುಮಿಸಿಕೊಂಡು, ಇನ್ನೊಂದು ಚಾನೆಲ್‌ಗೆ ವಾಪಸ್ ಬರುತ್ತದೆ. ಎರಡನ್ನೂ ಹೆಚ್ಚೂಕಡಿಮೆ ಸಮಸಮ ಬೆರೆಸಿದರೆ ಮಂದ್ರದ ಸಣ್ಣ ಕೆಲಸವೂ ಕೊನೇ ಸಾಲಿಗೆ ಕೇಳುತ್ತದೆ. ತಾನಿನ ಜೋರೂ ಹಾಗೇ ಉಳಿಯುತ್ತದೆ. ಡಬ್ಬಿ ಇದ್ದಾಗ ಇದು ಅಮೃತ. ಅದೇ ವೈರಿಂಗ್‌ನಲ್ಲಿ ಡಬ್ಬಿ ತೆಗೆದು ಲ್ಯಾಪ್‌ಟಾಪ್ ಇಟ್ಟರೆ, ಕೊಡದೊಳಗೆ ಮುಖ ಇಟ್ಟು ಹಾಡಿದಂತೆ ಪೊಳ್ಳು ದನಿ.

ರಿಯಾಜಿಗೆ ಕೂತಿದ್ದ ನಮ್ಮ ಹಾಡುವ ಕಾಕಾನೇ ಮೊದಲು ಹಿಡಿದದ್ದು. "ತಮ್ಮಾ, ಮಧ್ಯಮಕ್ಕ ನಿಂತ್ರ ನನ್ನ ದನಿ ಎಲ್ಲಿ ಹೋಕ್ಕೈತಿ?"

ಅವರ ಷಡ್ಜ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಅಂದರೆ ಸುಮಾರು 138.6 ಹರ್ಟ್ಜ್. ಶುದ್ಧ ಮಧ್ಯಮ 184.8ಕ್ಕೆ ಬರುತ್ತದೆ. ಸ್ಪೆಕ್ಟ್ರಮ್ (ಯಾವ ಕಂಪನಾಂಕದಲ್ಲಿ ಎಷ್ಟು ದನಿ ಅನ್ನೋ ಚಿತ್ರ) ತೆಗೆದು ನೋಡಿದೆ. ನಿಜಕ್ಕೂ ಅಲ್ಲೇ ಹೊಂಡ! ಫೇಸ್ ತಿರುಗಿಸಿದೆ, ಅಂದರೆ ಅಲೆಯನ್ನು ತಲೆಕೆಳಗು ಮಾಡಿದೆ. ಹೊಂಡಗಳು ಜಾಗ ಬದಲಿಸಿದವು, ಹೋಗಲಿಲ್ಲ. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ಸ್ಯಾಂಪಲ್‌ಗಳ, ಅಂದರೆ ದನಿಯ ತುಣುಕುಗಳ, ಗಂಟು) 128ರಿಂದ 64ಕ್ಕೆ ಇಳಿಸಿದೆ. ಮಧ್ಯಮ ದುಂಡಗೆ ವಾಪಸ್ ಬಂತು. ಖುಷಿಯಾಗಿ "ಕಾಕಾ, ಈಗ ಹಾಡ್ರಿ" ಅಂದೆ. ಅವರು ತಾರ ಷಡ್ಜಕ್ಕೆ ಹೋಗಿ ನಿಂತರು. ಅದು ಮಾಯ.

ಗುಟ್ಟು ಬಿಟ್ಟುಕೊಟ್ಟದ್ದು ಅದೇ. ಕಂಪ್ರೆಸರ್‌ನ ಅಟ್ಯಾಕ್, ರಿಲೀಸ್‌ಗೂ (ಎಷ್ಟು ಬೇಗ ಅದುಮುತ್ತದೆ, ಎಷ್ಟು ಬೇಗ ಬಿಡುತ್ತದೆ) ಬಫರ್‌ಗೂ ಸಂಬಂಧವಿಲ್ಲ. ಬಫರ್ ಬದಲಿಸಿದರೆ ಬದಲಾಗೋದು ತಡ ಒಂದೇ. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಸಿಕ್ಕಿಸಿ, ಒಂದು ಕ್ಲಿಕ್ ಬಿಟ್ಟು, ಅದು ಎಷ್ಟು ಸ್ಯಾಂಪಲ್ ತಡವಾಗಿ ವಾಪಸ್ ಬಂತು ಅಂತ ಎಣಿಸಿದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ, ಬಫರ್ 128 ಇದ್ದಾಗ 384 ಸ್ಯಾಂಪಲ್, ಅಂದರೆ 8 ಮಿಲಿಸೆಕೆಂಡ್. ದನಿ ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು. ಉಳಿದದ್ದು ಕನ್ವರ್ಟರ್ ಮತ್ತು ಯುಎಸ್‌ಬಿ ಪಾಲು.

ನೇರ ದನಿಗೆ ಅದೇ ದನಿ 8 ಮಿಲಿಸೆಕೆಂಡ್ ತಡವಾಗಿ ಸೇರಿದರೆ ಕೆಲವು ಕಡೆ ಎರಡರ ಅಲೆ ಎದುರುಬದುರಾಗಿ ಒಂದನ್ನೊಂದು ಅಳಿಸುತ್ತವೆ: 62.5 ಹರ್ಟ್ಜ್‌ನಲ್ಲಿ ಒಂದು ಹೊಂಡ, ಆಮೇಲೆ ಪ್ರತಿ 125 ಹರ್ಟ್ಜ್‌ಗೊಂದು: 187.5, 312.5, ಹೀಗೆ. ಕಾಕಾನ ಮಧ್ಯಮ ನೇರ ಎರಡನೇ ಹೊಂಡಕ್ಕೇ ಬಿದ್ದಿದೆ. ಬಫರ್ 64 ಆದಾಗ ತಡ 5.33 ಮಿಲಿಸೆಕೆಂಡ್. ಹೊಂಡ 281ಕ್ಕೆ ಬಂತು, ತಾರ ಷಡ್ಜ 277. ಯಂತ್ರ ಇಲ್ಲದೇ ಕಿವಿಯಿಂದಲೇ ಹೊಂಡ ಎಲ್ಲಿದೆ ಅಂತ ಹೇಳಿದ ಕಾಕಾನಿಗೆ ದೊಡ್ಡ ನಮಸ್ಕಾರ.

ನಾನು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್ ತನ್ನೊಳಗಿನ ಪ್ಲಗಿನ್‌ಗಳ (ಸಾಫ್ಟ್‌ವೇರ್ ಎಫೆಕ್ಟ್) ತಡವನ್ನು ತಾನೇ ಸರಿದೂಗಿಸುತ್ತದೆ, ಹೌದಲ್ಲ? ಆದರೆ ಮಿಕ್ಸರ್‌ನಿಂದ ನೇರ ಹೋದ ದನಿ ಅದಕ್ಕೆ ಕಾಣೋದೇ ಇಲ್ಲ. ನಮ್ಮ ಅನಲಾಗ್ ಮಿಕ್ಸರ್‌ಗೆ ನೇರ ದನಿಯನ್ನು ತಡ ಮಾಡೋಕೆ ಬರೋದಿಲ್ಲ.

ರಿವರ್ಬ್‌ಗೆ ಈ ಕಾಟ ಇಲ್ಲ. ವೆಟ್ (ಎಫೆಕ್ಟ್ ಆದ ದನಿ) ಪೂರ್ತಿ, ಡ್ರೈ (ಮೂಲ ದನಿ) ಸೊನ್ನೆ ಇಟ್ಟರೆ ಆ 8 ಮಿಲಿಸೆಕೆಂಡ್ ಪ್ರೀ-ಡಿಲೇ (ಅನುರಣನ ಶುರುವಾಗೋ ಮೊದಲಿನ ಅಂತರ) ಲೆಕ್ಕಕ್ಕೆ ಹೋಗುತ್ತದೆ. 1957ರ ಇಎಂಟಿ 140 ಪ್ಲೇಟ್ ರಿವರ್ಬ್ 250 ಕೆಜಿಗೂ ಜಾಸ್ತಿ ತೂಕದ ಪೆಟ್ಟಿಗೆ. ಅದರ ಇಂಪಲ್ಸ್ ಫೈಲ್ (ಅನುರಣನದ ಅಚ್ಚು) ಈಗ ರೀಪರ್‌ನ ರಿವರ್ಬ್ ಪ್ಲಗಿನ್ ರಿಯಾವರ್ಬ್‌ನಲ್ಲಿ ಸುಮ್ನೆ ತೆರೆದುಕೊಳ್ಳುತ್ತದೆ! ಮುಂದಿನ ಯೋಜನೆ ಹುಟ್ಟಿದ್ದೂ ಇಲ್ಲೇ. ಗದಗಿನ ನಮ್ಮ ಅಜ್ಜಿ ಮನೆ ಪಡಸಾಲೆ ಇದೆ: ದಪ್ಪ ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲೆ ಮಾಳಿಗೆ. ಅಲ್ಲಿ 20ರಿಂದ 20,000 ಹರ್ಟ್ಜ್‌ವರೆಗೆ ಸೈನ್ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಜಾರುವ ಸ್ವರ) ಬಿಟ್ಟು, ರೆಕಾರ್ಡ್ ಮಾಡಿ, ಆ ಕೋಣೆಯ ಇಂಪಲ್ಸ್ ತೆಗೆಯಬೇಕು. ತಂಬೂರಿಗೆ ಯಾವ ಚರ್ಚ್ ಹಾಲ್ ಪ್ರೀಸೆಟ್‌ಗಿಂತಲೂ ಅದೇ ಒಪ್ಪುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಮನೆ ಮಾರುವ ಮಾತು ನಡೆದಿದೆ, ಅದಕ್ಕೇ ಅವಸರ.

ಪರಿಹಾರಕ್ಕೆ ಬರೋಣ. ಆಕ್ಸ್ ಬಿಟ್ಟು ಚಾನೆಲ್ ಇನ್ಸರ್ಟ್‌ಗೆ (ಚಾನೆಲ್‌ನ ದನಿಯನ್ನು ಹೊರಗೆ ಕಳಿಸಿ ವಾಪಸ್ ತರುವ ಕಿಂಡಿ) ಹೋದೆ. ಈಗ ದನಿ ಪೂರ್ತಿ ಲ್ಯಾಪ್‌ಟಾಪ್ ಒಳಗೆ ಹೋಗಿ ಬರುತ್ತದೆ. ರೀಪರ್‌ನ ಕಂಪ್ರೆಸರ್ ರಿಯಾಕಾಂಪ್‌ನಲ್ಲಿ ವೆಟ್, ಡ್ರೈ ಎರಡೂ ಸ್ಲೈಡರ್ ಇವೆ. ಪ್ರೀ-ಕಾಂಪ್ (ಮುಂದಿನ ದನಿ ನೋಡೋಕೆ ಕಾಯುವ ಸಮಯ) ಸೊನ್ನೆ ಇಟ್ಟು ಎರಡನ್ನೂ ಅಲ್ಲೇ ಬೆರೆಸಿದರೆ ಎರಡಕ್ಕೂ ಒಂದೇ ತಡ. ಹೊಂಡ ಹುಟ್ಟೋಕೆ ಜಾಗವೇ ಇಲ್ಲ. ಒಟ್ಟು ದನಿ 8 ಮಿಲಿಸೆಕೆಂಡ್ ತಡ, ಅಂದರೆ ಸ್ಪೀಕರ್ ಎರಡೂಮುಕ್ಕಾಲು ಮೀಟರ್ ಹಿಂದೆ ಸರಿಸಿದಷ್ಟು. ಬಫರ್ 128ರಲ್ಲೇ ಬಿಟ್ಟಿದ್ದೇನೆ, 64ರಲ್ಲಿ ಈ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ.

ಇದಕ್ಕೂ ಕೇಬಲ್ ಕಾಟ ತಪ್ಪಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಇನ್ಸರ್ಟ್ ಕೇಬಲ್ ಸಿಕ್ಕಿಸಿದರೆ ಚಾನೆಲ್ ಮೌನ. ಪ್ಲಗ್ ಬಿಚ್ಚಿದೆ. ಟಿಪ್‌ಗೆ (ದನಿ ಹೊರಗೆ ಹೋಗುವ ತುದಿ) ಬೆಸುಗೆ ಇದೆ, ರಿಂಗ್‌ಗೆ (ದನಿ ವಾಪಸ್ ಬರುವ ಬಳೆ) ಬರಬೇಕಾದ ತಂತಿ ಗಾಳಿಯಲ್ಲಿ, ಅದರ ಮೇಲೆ ಒಂದು ಮುದ್ದೆ ಅಂಟು. ದುಡ್ಡು ತಗೊಂಡು ಇಂಥದ್ದು ಕಳಿಸೋರಿಗೆ ಏನನ್ನಬೇಕು? ಅಂಟು ಕೆರೆದು ನಾನೇ ಬೆಸುಗೆ ಹಾಕಿದೆ.

ಕಾಕಾನ ಮಾನಿಟರ್‌ಗೆ ತಡ ಬೇಡ. ಅದಕ್ಕೆ ಮೈಕನ್ನು ವೈ ಕೇಬಲ್‌ನಿಂದ ಎರಡು ಚಾನೆಲ್‌ಗೆ ಕೊಟ್ಟೆ. ಎರಡನೆಯದಕ್ಕೆ ಇನ್ಸರ್ಟ್ ಇಲ್ಲ, ಅದು ಮಾನಿಟರ್‌ಗೆ ಮಾತ್ರ. ನಡುವೆ ಲ್ಯಾಪ್‌ಟಾಪ್ ಕೈಕೊಟ್ಟರೆ ಇನ್ಸರ್ಟ್ ಪ್ಲಗ್ ಕಿತ್ತರಾಯಿತು, ಚಾನೆಲ್ ನೇರ ಆಗುತ್ತದೆ. ಇದನ್ನು ಬೇಕಂತಲೇ ಹಾಡಿನ ನಡುವೆ ಮಾಡಿ ನೋಡಿದೆ. ಕಾಕಾ ಆಲಾಪ ನಿಲ್ಲಿಸಲಿಲ್ಲ. ಇನ್ನು ತಬಲಾ ಚಾನೆಲ್ ಬಾಕಿ. ಅದಕ್ಕೂ ಇದೇ ವೈರಿಂಗ್, ಕೇಬಲ್ ಮಾತ್ರ ಈ ಸಲ ನಾನೇ ಕಟ್ಟುತ್ತೇನೆ.