ಸೂಲಂಗಿ ಕಾಲದಲ್ಲಿ ಪಾಂಡವಪುರದ ಸುತ್ತ

ಕ್ಯಾಮೆರಾ ಇರುವವರು ಮೈಸೂರು ರಸ್ತೆಯಲ್ಲಿ ಮಂಡ್ಯ ಜಿಲ್ಲೆಯನ್ನು ಸುಮ್ನೆ ದಾಟಿಕೊಂಡು ಕೊಡಗಿಗೆ ಹೋಗಿಬಿಡುತ್ತಾರೆ. ನನಗೆ ಇದು ನಿಜವಾಗಲೂ ಬೇಜಾರಿನ ವಿಷಯ. ಪಾಂಡವಪುರದ ಸುತ್ತ ಇರುವುದು ಕಬ್ಬು, ಭತ್ತ, ತೆಂಗು, ನಾಲೆ, ಬಂಡೆಗುಡ್ಡ. ಡಿಸೆಂಬರ್ ಕೊನೆಯಲ್ಲಿ ಬಂದು ನೋಡಿ, ಇಷ್ಟನ್ನೇ ನೋಡಿ ಮುಗಿಸಲು ಆಗುವುದಿಲ್ಲ.

ಈ ಸಲ ಬೆಳಗಾಗುತ್ತಲೇ ಕುಂತಿಬೆಟ್ಟ ಹತ್ತಿದೆ. ವನವಾಸದಲ್ಲಿ ಪಾಂಡವರು ಕುಂತಿಯ ಜೊತೆ ಇಲ್ಲಿ ಇದ್ದರು ಎಂದು ಊರಿನವರು ಹೇಳುವ ಬೆಟ್ಟ. ಮೇಲಿನಿಂದ ನೋಡಿದರೆ ಮಂಜು ತೆಂಗಿನ ಗರಿಗಳ ಮಟ್ಟಕ್ಕೆ ನಿಂತಿರುತ್ತದೆ, ಕೊಯ್ಲಾದ ಗದ್ದೆ ಒಣಹುಲ್ಲಿನ ಬಣ್ಣ, ಪಕ್ಕದ ಕಬ್ಬು ಕಡು ಹಸಿರು, ನಡುವೆ ನಾಲೆ ಹೋದ ದಾರಿಯಲ್ಲಿ ತೆಂಗಿನ ಸಾಲು. ವೈಡ್ ಲೆನ್ಸ್ ಹಾಕಿದರೆ ಬರೀ ಆಕಾಶ ತುಂಬಿಕೊಳ್ಳುತ್ತದೆ. ಇಲ್ಲಿಗೆ ದೂರದ್ದನ್ನು ಹತ್ತಿರ ತರುವ 70-200 ಲೆನ್ಸೇ ಸರಿ. ಎರಡು ಗದ್ದೆ, ಒಂದು ಹುಲ್ಲಿನ ಮೆದೆ, ಒಬ್ಬ ಮನುಷ್ಯ, ಅಷ್ಟು ಸಾಕು ಒಂದು ಫೋಟೋಗೆ.

ಈ ಹಸಿರಿಗೆಲ್ಲ ಕೆ.ಆರ್.ಎಸ್. ಅಣೆಕಟ್ಟು ಕಾರಣ. ಅಲ್ಲಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು. ಹುಲಿಕೆರೆ ಹತ್ತಿರ ಸುರಂಗದಲ್ಲಿ ನುಗ್ಗಿ ಈಚೆ ಬರುತ್ತದೆ. ಮಳೆ ಕಡಿಮೆಯಾದ ವರ್ಷ ನಾಲೆಗೆ ಕಟ್ಟು ನೀರು ಬಿಡುತ್ತಾರೆ, ಅಂದರೆ ಕೆಲವು ದಿನ ನೀರು, ಕೆಲವು ದಿನ ಬಂದ್. ಆ ವರ್ಷ ಗದ್ದೆಯ ಬಣ್ಣವೇ ಬೇರೆ. ಹಾಗಾಗಿ ಇಲ್ಲಿ ಫೋಟೋ ತೆಗೆಯುವವರು ಸೂರ್ಯೋದಯದ ಸಮಯಕ್ಕಿಂತ ಮೊದಲು ಬೇಸಾಯದ ಸಮಯ ತಿಳಿದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಟ್ಟದ ಕೆಳಗಿನ ಒಂದು ಕಬ್ಬಿನ ಗದ್ದೆ ಪೂರ್ತಿ ಸೂಲಂಗಿ, ಅಂದರೆ ಕಬ್ಬಿನ ಹೂವಿನ ಗರಿ, ಬಂದಿತ್ತು. ಬಿಸಿಲಿಗೆ ಎದುರಾಗಿ ನಿಂತರೆ ಒಂದೊಂದು ಗರಿಯೂ ಬೆಳ್ಳಗೆ ಹೊಳೆಯುತ್ತದೆ, ಎಳೆಗಳಲ್ಲಿ ಇಬ್ಬನಿ ಕೂತಿರುತ್ತದೆ. ತೆಗೆಯುತ್ತಾ ನಿಂತಿದ್ದಾಗ ಗದ್ದೆಯವರು ಬಂದರು. ಸೂಲಂಗಿ ಅಂದರೆ ಕಬ್ಬು ಕಡಿಯುವ ಕಾಲ ಮೀರುತ್ತಿದೆ ಎಂದರ್ಥ, ಇನ್ನೂ ಬಿಟ್ಟರೆ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ, ಕಡಿಯೋಕೆ ಆಳು ಸಿಕ್ಕಿಲ್ಲ ಎಂದರು. ಆಮೇಲೆ ನನಗೆ ಬರೀ ಗರಿಗಳ ಫೋಟೋ ತೆಗೆಯಲು ಮನಸ್ಸಾಗಲಿಲ್ಲ. ಅವರನ್ನು ಕೇಳಿಕೊಂಡು, ಅವರು ಬದುವಿನ ಮೇಲೆ ನಿಂತು ಗದ್ದೆ ನೋಡುತ್ತಿರುವುದನ್ನೇ ತೆಗೆದೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಚಿತ್ರ ಅದೇ.

ಅವರೇ ಬೆಲ್ಲ ಮಾಡುವ ಆಲೆಮನೆಯ ದಾರಿ ತೋರಿಸಿದರು. ಅಂಗಳದ ತುಂಬ ಕಬ್ಬಿನ ಸಿಪ್ಪೆ ಒಣಗಲು ಹಾಕಿದ್ದರು, ಒಲೆಗೆ ಅದೇ ಉರುವಲು. ಒಳಗೆ ಕೊಪ್ಪರಿಗೆಯ ಹಬೆ ಎಷ್ಟಿರುತ್ತದೆ ಅಂದರೆ ಲೆನ್ಸ್ ಮಂಜಾಗುತ್ತದೆ, ಬಿಸಿಗೆ ಹೊಂದಿಕೊಳ್ಳುವವರೆಗೆ ಕಾಯಲೇಬೇಕು. ಕಾದಿದ್ದು ಒಳ್ಳೆಯದೇ ಆಯಿತು. ಸುಣ್ಣ ಹಾಕಿ, ಮೇಲೆ ಬಂದ ಮಡ್ಡಿ ತೆಗೆದು, ಕುದಿಸಿ ಕುದಿಸಿ ಮಾಸಲು ಹಸಿರಿನ ಕಬ್ಬಿನ ಹಾಲು ಹೊಂಬಣ್ಣಕ್ಕೆ ತಿರುಗುವುದನ್ನು ಪೂರ್ತಿ ನೋಡಿದೆ. ಪಾಕ ನೋಡುವವರು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಒತ್ತಿ ನೋಡಿದರು. ಒದ್ದೆ ಬೆರಳು, ಉಂಡೆಯ ಹೊಳಪು, ಹಿಂದೆ ಬೆಂಕಿಯ ಕೆಂಪು. ಫ್ಲ್ಯಾಶ್ ಹಾಕಿದ್ದರೆ ಎಲ್ಲ ಸತ್ತುಹೋಗುತ್ತಿತ್ತು.

ತೊಣ್ಣೂರು ಕೆರೆಯಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಬಿಸಿಲು ನೆತ್ತಿಗೆ ಬಂದಿತ್ತು. ಎರಡು ಬೆಟ್ಟಗಳ ನಡುವೆ ಏರಿ ಕಟ್ಟಿದ ಹಳೇ ಕೆರೆ ಇದು. ನೀರಿನ ತಿಳಿ ನೋಡಿಯೇ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಹೆಸರೂ ಬಂತು. ಅಲ್ಲಿ ಬೆಳಿಗ್ಗೆ ಅಥವಾ ಸಂಜೆ ಹೋಗಬೇಕು.

ಮೇಲುಕೋಟೆ ಕಡೆ ಹೊರಟರೆ ನೀರಾವರಿ ಮುಗಿದು ಹೊಲ ಶುರುವಾಗುತ್ತದೆ. ರಾಗಿ, ಹುರುಳಿ, ಕುರಿ ಮಂದೆ. ಒಂದು ಊರ ಮುಂದೆ ಕಣದಲ್ಲಿ ರಾಗಿ ತೂರುತ್ತಿದ್ದರು. ಒಬ್ಬ ಅಜ್ಜಿ ನನ್ನನ್ನು ನೋಡಿ, "ನನ್ ಪಟ ಯಾಕಪ್ಪಾ, ಆ ಹಸೀನ್ ಪಟ ತೆಗಿ" ಅಂದರು. ಎರಡನ್ನೂ ತೆಗೆದೆ. ಮೊಮ್ಮಗನ ವಾಟ್ಸಾಪ್‌ಗೆ ಅಲ್ಲಿಂದಲೇ ಕಳಿಸಿದೆ. ಅಜ್ಜಿ ಮೊದಲು ನೋಡಿದ್ದು ಹಸುವಿನ ಫೋಟೋವನ್ನೇ.

ದಯವಿಟ್ಟು ಇಂಥ ಕಡೆ ಹೋದಾಗ ಕೇಳಿ ತೆಗೆಯಿರಿ, ತೆಗೆದದ್ದನ್ನು ಕಳಿಸಿಕೊಡಿ. ನಾನು ಮುಂದಿನ ಸಲ ಆಗಸ್ಟ್‌ನಲ್ಲಿ ಹೋಗುವವನು. ಆಗ ನಾಟಿ. ನಾಲೆಗೆ ನೀರು ಬಿಟ್ಟಿರಬೇಕು ಅಷ್ಟೇ, ಅದನ್ನು ಊರಿನ ಯಾರಿಗಾದರೂ ಫೋನ್ ಮಾಡಿ ಕೇಳಿಕೊಂಡೇ ಹೊರಡಬೇಕು.