ಬಿಳಿ ರೀವ ಒಂದೇ ಹಕ್ಕಿಯೋ, ಮೂರೋ?

ಜೂನ್ 14, 2025, ಶನಿವಾರ

ಇವತ್ತು ಸಂಜೆಯೆಲ್ಲ ಬಿಳಿ ರೀವಗಳ ಫೋಟೋ ನೋಡುತ್ತಾ ಕೂತಿದ್ದೆ. ಬಿಸಿ ಸೀಮೆಯ ಕಡಲುಗಳ ಪುಟ್ಟ ಹಕ್ಕಿ ಇದು. ಇಂಗ್ಲಿಷಿನಲ್ಲಿ ವೈಟ್ ಟರ್ನ್ ಅನ್ನುತ್ತಾರೆ. ಮೈಯೆಲ್ಲ ಅಚ್ಚ ಬಿಳಿ, ಕಣ್ಣಿನ ಸುತ್ತ ಮಾತ್ರ ಕಪ್ಪು ಉಂಗುರ. ಅದರಿಂದಾಗಿ ಕಣ್ಣು ತುಂಬಾ ದೊಡ್ಡದಾಗಿ ಕಾಣುತ್ತದೆ.

ಇದು ಗೂಡೇ ಕಟ್ಟುವುದಿಲ್ಲ! ಬರೀ ಕೊಂಬೆಯ ಮೇಲೆ ಸಣ್ಣ ತಗ್ಗು ಸಿಕ್ಕರೆ ಸಾಕು, ಅಲ್ಲೇ ಒಂದೇ ಒಂದು ಮೊಟ್ಟೆ ಇಡುತ್ತದೆ. ಮರಿಗೆ ಹುಟ್ಟುತ್ತಲೇ ಗಟ್ಟಿ ಕಾಲು, ಚೂಪು ಉಗುರು ಇರುತ್ತವೆ. ಗಾಳಿ ಬೀಸಿದರೂ ಕೊಂಬೆಯನ್ನು ಹಿಡಿದುಕೊಂಡೇ ಇರಬೇಕು ಅಲ್ವಾ.

ಸ್ವೀಡನ್ನಿನ ಆಂಡರ್ಸ್ ಸ್ಪಾರ್ಮನ್ 1786ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಈಗಿನ ಹೆಸರು ಗಿಗಿಸ್ ಆಲ್ಬಾ. ಬಹಳ ಕಾಲ ಎಲ್ಲವನ್ನೂ ಒಂದೇ ಪ್ರಭೇದ ಅಂತಲೇ ಹೆಚ್ಚಿನವರು ಎಣಿಸಿದರು. ಬಣ್ಣ ನೋಡಿದರೆ ಹಾಗೇ ಅನಿಸುತ್ತದೆ. ಕೊಕ್ಕು ನೋಡಿದರೆ ಬೇರೆಯೇ ಕಥೆ. ಅಸೆನ್ಶನ್, ಸೇಂಟ್ ಹೆಲೆನಾದಂಥ ಅಟ್ಲಾಂಟಿಕ್ ದ್ವೀಪಗಳ ಹಕ್ಕಿಗೆ ಪೂರ್ತಿ ಕಪ್ಪು ಕೊಕ್ಕು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹೆಚ್ಚಿನ ಕಡೆ ಕೊಕ್ಕಿನ ಬುಡ ನೀಲಿ. ಪೆಸಿಫಿಕ್‌ನ ಮಾರ್ಕೇಸಸ್ ದ್ವೀಪಗಳಲ್ಲಿ ಇನ್ನೊಂದಿದೆ. ಗಾತ್ರ ಚಿಕ್ಕದು, ಕೊಕ್ಕು ಸಣ್ಣಗೆ ಕಪ್ಪಗೆ, ಬಾಲದ ಕವಲೂ ಅಷ್ಟು ಆಳವಿಲ್ಲ. ಅದನ್ನು 1876ರಲ್ಲೇ ಹೊವಾರ್ಡ್ ಸಾಂಡರ್ಸ್ ಬೇರೆ ಅಂತ ಹೆಸರಿಸಿದ್ದ. ಆದರೆ ಅಲ್ಲಿನ ಕೆಲವು ದ್ವೀಪಗಳಲ್ಲಿ ನೀಲಿ ಬುಡದ ಹಕ್ಕಿಯ ಜೊತೆ ಅದು ಬೆರಕೆಯಾಗುತ್ತದೆ. ಎರಡನ್ನೂ ಒಂದೇ ಅಂದವರಿಗೆ ಇದೇ ದೊಡ್ಡ ಆಧಾರ.

ಹಕ್ಕಿ ಪ್ರಭೇದಗಳ ಈಚಿನ ಕೆಲವು ಪಟ್ಟಿಗಳು ಮೂರೂ ಬೇರೆ ಅನ್ನುತ್ತವೆ. ನನಗೂ ಅದೇ ಸರಿ ಅನಿಸುತ್ತದೆ. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದರೆ, ಹಕ್ಕಿ ಅರ್ಧ ಭೂಮಿಯಲ್ಲೇ ಹರಡಿದೆ, ಚಿಂತೆಯೇ ಇಲ್ಲ ಅನಿಸಿಬಿಡುತ್ತದೆ. ಮಾರ್ಕೇಸಸ್‌ನ ಆ ಚಿಕ್ಕ ಹಕ್ಕಿ ಕಡಿಮೆಯಾದರೂ ಆ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ. ಅದನ್ನು ಅದರ ಪಾಡಿಗೆ ಎಣಿಸಬೇಕು.

ಡಿಎನ್ಎ ಪರೀಕ್ಷೆಗಳು ಹೇಳಿದ್ದು ಇನ್ನೂ ಜಾಸ್ತಿ. ಬಿಳಿ ರೀವಗಳೂ ನಾಡ್ಡಿ ಎಂಬ ಕಂದು, ಕಪ್ಪು ಬಣ್ಣದ ಕಡಲಹಕ್ಕಿಗಳೂ ರೀವ, ಕಡಲಕಾಗೆಗಳೆಲ್ಲ ಸೇರಿದ ಕುಟುಂಬದಲ್ಲಿ ಬಹಳ ಹಿಂದೆಯೇ ಕವಲೊಡೆದಿವೆಯಂತೆ. ಅಂದರೆ ನಾವು ರೀವ ಅಂತ ಕರೆಯುವ ಉಳಿದ ಹಕ್ಕಿಗಳಿಗೆ ಬಿಳಿ ರೀವಕ್ಕಿಂತ ಕಡಲಕಾಗೆಗಳೇ ಹತ್ತಿರದ ನೆಂಟರು!

ನಾಳೆ ಆ ಬೆರಕೆ ಹಕ್ಕಿಗಳ ಫೋಟೋ ಹುಡುಕಬೇಕು. ಅವುಗಳ ಕೊಕ್ಕಿನ ಬುಡದಲ್ಲಿ ನೀಲಿ ಎಷ್ಟು ಉಳಿದಿದೆ ಅಂತ ನೋಡಬೇಕು.